ಆಯಿ ಹೊಲಿದ ಸಂಚಿಯ ಮೇಲಿನ ಅಪವಾದ

ಕಳೆದ ವಾರ ಖಡೇಬಜಾರದ ಸಿಂಪಿಗನ ಅಂಗಡಿಗೆ ಕರಿಯ ಕೋಟಿನ ಅಳತೆ ಕೊಡಲು ಹೋಗಿದ್ದೆ. ನಾನು ಒಳಗೆ ಕಾಲಿಡುವ ಹೊತ್ತಿಗೆ ಅವನು ಹೊಲಿಗೆಯ ಯಂತ್ರವನ್ನು ಮಗುಚಿ ಮಲಗಿಸಿ, ಉದ್ದ ಮೂತಿಯ ತಗಡಿನ ಕುಪ್ಪಿಯಿಂದ ಅದರ ಕೀಲುಗಳಿಗೆ ಹನಿಹನಿಯಾಗಿ ಎಣ್ಣೆ ಬಿಡುತ್ತಿದ್ದ. ಅಡಿಗೆಯ ಎಣ್ಣೆಯ ಹಾಗೆ ಅದು ಗಮಗಮಿಸುವುದಿಲ್ಲ, ಸೀಮೆಎಣ್ಣೆಯ ಹಾಗೆ ಮೂಗಿಗೆ ಬಡಿಯುವುದೂ ಇಲ್ಲ. ತೆಳ್ಳಗೆ, ತಣ್ಣಗೆ, ಕಬ್ಬಿಣದ ಮೈಯಿಂದಲೇ ಬಂದಂತಹ ಒಂದು ವಾಸನೆ. ಸಿಂಪಿಗ ಭುಜದ ಅಳತೆ ಹಿಡಿಯುತ್ತ ಏನನ್ನೋ ಕೇಳಿದ. ನನ್ನ ಮನಸ್ಸು ನಮ್ಮ ಓಣಿಯ ಬಾಜೂ ಮನೆಯ ಕಟ್ಟೆಯ ಮೇಲೆ ಹೋಗಿ ಕುಳಿತುಬಿಟ್ಟಿತ್ತು. ಅಲ್ಲಿ ವಕೀಲ ಕಾಕಾ ಮಣೆ ಹಾಕಿಕೊಂಡು, ಮುಂದೆ ಹಳೆಯ ಧೋತರದ ತುಂಡು ಹಾಸಿಕೊಂಡು, ಇದೇ ಎಣ್ಣೆಯನ್ನು ಇಂಥದೇ ಕುಪ್ಪಿಯಿಂದ ಒಂದು ಪಿಸ್ತೂಲಿನ ಕೀಲುಗಳಿಗೆ ಬಿಡುತ್ತಿದ್ದರು...

ಕಾಕಾ ಎಂದು ಕರೆಯುತ್ತಿದ್ದೆನೆಂದ ಮಾತ್ರಕ್ಕೆ ಅವರು ನನ್ನ ತಂದೆಯ ತಮ್ಮನಲ್ಲ. ನಮ್ಮದು ಖಾನಾಪುರದ ಕಡೆ ದನ ಮೇಯಿಸುತ್ತ, ಒಕ್ಕಲುತನ ಮಾಡುತ್ತ ಇದ್ದು ಆಮೇಲೆ ಬೆಳಗಾವಿಗೆ ಬಂದು ನೆಲೆಯಾದ ಮನೆತನ. ಅವರದು ಆ ಓಣಿಗೆ ಹೆಸರು ಬೀಳುವ ಮೊದಲಿನಿಂದಲೂ ಅಲ್ಲಿದ್ದ ಜೈನ ಮನೆತನ. ಎರಡು ಮನೆಗಳ ನಡುವೆ ಒಂದೇ ಗೋಡೆ. ಅಂಗಡಿ, ವ್ಯಾಪಾರಗಳ ಆ ತುಂಬಿದ ಮನೆಯಲ್ಲಿ ಕಾಯಿದೆ ಓದಿದವರು ಅವರೊಬ್ಬರೇ. ದೊಡ್ಡ ಜ್ವರ ಬಂದ ವರ್ಷ ಹೆಂಡತಿಯನ್ನು ಕಳೆದುಕೊಂಡವರು ಮತ್ತೆ ಮದುವೆಯಾಗಲಿಲ್ಲ. ಬೆಳಗಿನ ರೈಲಿಗೆ ಖಾನಾಪುರದ ಕೋರ್ಟಿಗೆ ಹೋಗಿ ಸಂಜೆಯ ರೈಲಿಗೆ ಮರಳುತ್ತಿದ್ದರು. ಧಾರವಾಡದ ಕಾಲೇಜಿನಿಂದ ರಜೆಗೆ ಬಂದಾಗಲೆಲ್ಲ ನಾನು ಅವರ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಮುಂದೆ ಪುಣೆಗೆ ಹೋಗಿ ಕಾಯಿದೆ ಓದಿದೆನಾದರೂ ವಾದಿಸುವುದನ್ನು ಕಲಿತದ್ದು ಆ ಕಟ್ಟೆಯ ಮೇಲೆ.

ಅವರ ಕೈಗೆ ಪಿಸ್ತೂಲು ಬಂದದ್ದು ಶೋಕಿಗಲ್ಲ. ಜಾಂಬೋಟಿಯ ಕಡೆಯ ಗೌಳಿಗರು ತಲೆತಲಾಂತರದಿಂದ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಕಾಡುದಾರಿಗೆ ಕಟ್ಟಿಗೆಯ ಗುತ್ತಿಗೆದಾರನೊಬ್ಬ ಬೇಲಿ ಬಡಿದಿದ್ದ. ಬೇಲಿ ನುಗ್ಗಿದ ಎಮ್ಮೆಗಳು ಕೊಂಡವಾಡಕ್ಕೆ ಹೋದವು. ಬಿಡಿಸಿಕೊಳ್ಳಲು ಹೋದವರು ಪೆಟ್ಟು ತಿಂದು ಬಂದರು. ಅವರ ಪರವಾಗಿ ನಿಲ್ಲಲು ಖಾನಾಪುರದ ಯಾವ ವಕೀಲರೂ ಮುಂದಾಗದಿದ್ದಾಗ ಕಾಕಾ ವಕಾಲತ್ತು ಹಾಕಿದರು. ದಾವೆ ನಡೆಯುತ್ತಿದ್ದಂತೆ ಮೊದಲು ಸ್ಟೇಶನ್ನಿನಲ್ಲಿ ಗುರುತಿಲ್ಲದವರು ಬೇಕೆಂತಲೇ ಹೆಗಲು ತಾಗಿಸಿಕೊಂಡು ಹೋದರು. ಆಮೇಲೆ ಅವರು ಬಾಡಿಗೆಗೆ ಹಿಡಿಯುತ್ತಿದ್ದ ಚಕ್ಕಡಿಯ ಗಾಲಿ ಕಳಚದಂತೆ ಹಿಡಿಯುವ ಕಡಾಣಿಯನ್ನು ಯಾರೋ ಕಿತ್ತಿಟ್ಟರು. ಪೋಲೀಸರಿಗೆ ತಿಳಿಸಿದರೆ, ಒಬ್ಬ ವಕೀಲನ ಬೆನ್ನಿಗೆ ಶಿಪಾಯಿಯನ್ನು ಕೊಡಲು ಬರುವುದಿಲ್ಲ, ಬೇಕಾದರೆ ಆತ್ಮರಕ್ಷಣೆಗೆ ಹತಾರಿನ ಪರವಾನಗಿ ಕೇಳಿಕೊಳ್ಳಿ ಎಂಬ ಉತ್ತರ ಬಂತು. ಈ ಮಾತನ್ನು ಓದುಗರು ಮರೆಯಬಾರದು. ಹತಾರು ಹಿಡಿಯುವುದು ಕಾಕಾರ ಬಯಕೆಯಾಗಿರಲಿಲ್ಲ. ಅದು ಸರಕಾರದ ಸಲಹೆಯಾಗಿತ್ತು.

ಇರುವೆ ಕಾಲಡಿಗೆ ಸಿಕ್ಕೀತೆಂದು ನೆಲ ನೋಡಿ ನಡೆಯುವ ಮನೆ ಅದು. ದೀಪ ಹಚ್ಚುವ ಮೊದಲೇ ಊಟ ಮುಗಿಯಬೇಕು. ಅಂಥ ಮನೆಗೆ ಪಿಸ್ತೂಲು ಬಂದ ದಿನ ಕಾಕಾರ ತಾಯಿ ಊಟ ಬಿಟ್ಟರು. ಅವರನ್ನು ನಾನು ಆಯಿ ಎನ್ನುತ್ತಿದ್ದೆ, ಈಗಲೂ ಎನ್ನುತ್ತೇನೆ. ಇದು ಕೊಲ್ಲಲಿಕ್ಕಲ್ಲ, ಬರುವವನನ್ನು ನಿಲ್ಲಿಸಲಿಕ್ಕೆ; ಮೊದಲನೆಯದನ್ನು ಆಕಾಶಕ್ಕೇ ಹಾರಿಸುತ್ತೇನೆ ಎಂದು ಮಗ ಕಾಲು ಮುಟ್ಟಿ ಹೇಳಿದ ಮೇಲೆ ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಅದು ಹೊಸ್ತಿಲು ದಾಟಿ ಒಳಗೆ ಬರಕೂಡದು, ಕಟ್ಟೆಯ ಮೇಲಿನ ಗೂಡಿನಲ್ಲಿ ಬೀಗದೊಳಗೇ ಇರಬೇಕು. ಪ್ರಾಣಿಯ ಕೊಬ್ಬಿನ ಜಿಡ್ಡು ಅದಕ್ಕೆ ಸೋಕಕೂಡದು. ಸತ್ತ ದನದ ಚರ್ಮದ ಚೀಲವನ್ನು ಮಗ ಸೊಂಟಕ್ಕೆ ಕಟ್ಟಿಕೊಳ್ಳಕೂಡದು. ಚೀಲವನ್ನು ನಾನೇ ಹೊಲಿದುಕೊಡುತ್ತೇನೆ ಎಂದರು ಆಯಿ. ಹೊಲಿಗೆ ಯಂತ್ರದ ಎಣ್ಣೆ ಆ ಕಟ್ಟೆಗೆ ಬಂದದ್ದು ಹೀಗೆ. ಆ ದಪ್ಪ ಖಾದಿಯ ಸಂಚಿ ಹುಟ್ಟಿದ್ದೂ ಹೀಗೆ.

ಸಂಚಿಯ ವಿಷಯದಲ್ಲಿ ಕಾಕಾ ತಾಯಿಯನ್ನು ಪೀಡಿಸಿದ್ದು ಅಷ್ಟಿಷ್ಟಲ್ಲ. ಅರಿವೆ ಎಂದ ಮೇಲೆ ಎಳೆ ಬಿಡುತ್ತದೆ. ಎಳೆಯೊಂದು ಪಿಸ್ತೂಲಿನ ಕುದುರೆಗೆ, ಅಂದರೆ ಹಿಂದಕ್ಕೆ ಎದ್ದು ತೋಟಾದ ಬೆನ್ನಿಗೆ ಬಡಿಯುವ ಆ ಕೊಕ್ಕಿಗೆ, ಸುತ್ತಿಕೊಂಡರೆ ಪಿಸ್ತೂಲು ಕಲ್ಲಿಗೆ ಸಮಾನ. ಇದನ್ನು ಅವರು ಮೊದಲೇ ಕಂಡಿದ್ದರು. ಆದ್ದರಿಂದ ಹೊಲಿಗೆಯ ಅಂಚುಗಳನ್ನೆಲ್ಲ ಹೊರಮೈಗೆ ತಿರುಗಿಸಿ, ಬಾಯಿಗೆ ಎರಡು ಮಡಿಕೆ ಹಾಕಿ, ಲಾಡಿಯಿಲ್ಲದೆ, ಒಳಗೆ ಬೆರಳಾಡಿಸಿದರೆ ಒಂದು ನೂಲೂ ತಾಗದಂತೆ ಹೊಲಿಸಿಕೊಂಡರು. ಹೊಲಿದದ್ದನ್ನು ಕಟ್ಟೆಯ ಮೇಲೆ ನಿಂತು ಮತ್ತೆ ಮತ್ತೆ ಖಾಲಿ ಪಿಸ್ತೂಲು ಹಿರಿದು ನೋಡುವರು, ಮತ್ತೆ ಬಿಚ್ಚಿ ಹೊಲಿಯಲು ಕೊಡುವರು. ಒಮ್ಮೆ ಆಯಿಗೆ ಸಾಕಾಗಿ ಹೋಯಿತು.

“ನಿನ್ನ ಹೆಂಡ್ತಿ ಕುಬಸಾನೂ ನಾ ಇಷ್ಟು ಸಲ ಬಿಚ್ಚಿ ಹೊಲದಿದ್ದಿಲ್ಲ,” ಎಂದರು. ಕಾಕಾ ನಕ್ಕು ಸಂಚಿಯನ್ನು ಮತ್ತೆ ಅವರ ಮಡಿಲಿಗೇ ಹಾಕಿದರು.

ತೋಟಾಗಳನ್ನು ಕೊಂಡದ್ದು ದಂಡಿನವರ ಕ್ಯಾಂಪಿನ ಒಂದು ಅಂಗಡಿಯಿಂದ. ಮನೆಗೆ ತಂದು ಪೆಟ್ಟಿಗೆ ಬಿಚ್ಚಿದರೆ ಹಿತ್ತಾಳೆಯ ಮೈಮೇಲೆ ಹಸಿರು ಕಿಲುಬು. ಎಷ್ಟು ಮಳೆಗಾಲಗಳನ್ನು ಅವು ಆ ಕಪಾಟಿನಲ್ಲಿ ಕಳೆದಿದ್ದವೋ! ಕಾಕಾ ಮರಳಿ ಹೋಗಿ ತೋರಿಸಿದಾಗ, ಮಾರಿದ ತೋಟಾವನ್ನು ಹಿಂದಕ್ಕೆ ಪಡೆಯಲು ತನಗೆ ಅಪ್ಪಣೆಯಿಲ್ಲವೆಂದೂ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೊಸದರಂತೆ ಆಗುತ್ತವೆಂದೂ ಅಂಗಡಿಯವನು ಹೇಳಿ ಕಳಿಸಿದನಂತೆ.

“ದೇವರ ಮನಿ ತಂಬಿಗಿ ಅಂತ ತಿಳಕೊಂಡಾನ ಮಗಾ,” ಎಂದು ಕಾಕಾ ಕಟ್ಟೆಯ ಮೇಲೆ ಕುಳಿತು ನಕ್ಕದ್ದು ನೆನಪಿದೆ. ಆ ನಗೆಯಲ್ಲಿ ಸಿಟ್ಟು ಎಷ್ಟಿತ್ತೆಂಬುದು ಮರುದಿನ ಅವರು ಬರೆದ ಅರ್ಜಿಯಲ್ಲಿ ತಿಳಿಯಿತು.

ಅರ್ಜಿ ಹಾಕುವ ಮೊದಲು ಒಂದನ್ನು ಹಾರಿಸಿ ನೋಡಬೇಕೆಂದರು. ರವಿವಾರ ಪಾರಿಶ್ವಾಡಕ್ಕೆ ಹೋದೆವು. ಅವರು ಯಾವಾಗಲೂ ಹಿಡಿಯುತ್ತಿದ್ದ ಚಕ್ಕಡಿಯವನದು ಅದೇ ಊರು. ಕೊಯ್ಲಾಗಿ ಬರಿದಾದ ಅವನ ಹೊಲದಲ್ಲಿ ಒಂದು ಎತ್ತರದ ಒಡ್ಡಿಗೆ ಗುರಿ ಹಿಡಿದರು. ಸಂಚಿ ಆ ದಿನ ಬೆಳಗಾವಿಯಲ್ಲೇ ಉಳಿದಿತ್ತು. ಆಯಿ ಅದರ ಬಾಯಿಯನ್ನು ಮತ್ತೆ ಬಿಚ್ಚಿ ಹೊಲಿಯುತ್ತಿದ್ದರು. ಪಿಸ್ತೂಲು ಬಂದದ್ದು ಬುಟ್ಟಿಯಲ್ಲಿ, ಧೋತರದ ತುಂಡಿನಲ್ಲಿ. ಕಾಕಾ ಬೆರಳೆಳೆದರು. ಚಟ್ ಎಂದಿತು. ಅಷ್ಟೇ. ನಾನು ಹತ್ತಿರ ಹೋಗಲು ಕಾಲೆತ್ತಿದರೆ ಎಡಗೈಯಿಂದ ತಡೆದರು. ಸತ್ತಂತೆ ಕಂಡ ತೋಟಾ ತಡವಾಗಿ ಸಿಡಿಯುವುದುಂಟಂತೆ. ಗುರಿ ಬದಲಿಸದೆ ಬಹಳ ಹೊತ್ತು ಹಾಗೆಯೇ ನಿಂತಿದ್ದು ಆಮೇಲೆ ಪಿಸ್ತೂಲು ತೆರೆದು ಆ ತೋಟಾವನ್ನು ನನ್ನ ಅಂಗೈಯಲ್ಲಿಟ್ಟರು. ಅದರ ತಳದ ನಡುವೆ ತಾಮ್ರದ ಸಣ್ಣ ಕೇಪು. ಒಳಗಿನ ಮದ್ದಿಗೆ ಕಿಡಿ ಕೊಡುವುದು ಅದೇ. ಕೇಪಿನ ಮೇಲೆ ಕಾಳುಮೆಣಸು ಕೂರುವಷ್ಟು ಒಂದು ಕುಳಿ ಬಿದ್ದಿತ್ತು.

“ನೋಡು ತಮ್ಮಾ, ಕುಳಿ ಬಿದ್ದೂ ಹಾರಲಿಲ್ಲಂದ್ರ ತಪ್ಪು ತೋಟಾದ್ದು. ಕುಳಿನೇ ಬಿದ್ದಿಲ್ಲಂದ್ರ ತಪ್ಪು ಪಿಸ್ತೂಲಿಂದು. ಇಷ್ಟು ತಿಳದ್ರ ಯಾರ ಮ್ಯಾಲ ದಾವೆ ಹಾಕಬೇಕಂತ ತಿಳೀತು.”

ಇನ್ನೊಂದನ್ನು ಹಾರಿಸಿ ನೋಡಿ ಎಂದೆ. ತಲೆಯಲ್ಲಾಡಿಸಿದರು. ವರ್ಷಕ್ಕೆ ಕೊಡುವುದೇ ಬೊಗಸೆ ತುಂಬದಷ್ಟು; ಹಾರಿಸಿದ ಒಂದೊಂದಕ್ಕೂ ಕಾರಣ ಬರೆದುಕೊಡಬೇಕು; ಪರೀಕ್ಷೆಗೆ ಹಾರಿಸಿದೆ ಎಂಬುದು ಪರವಾನಗಿ ಕೊಟ್ಟವರ ಪಾಲಿಗೆ ಕಾರಣವೇ ಅಲ್ಲ. ಒಂದು ಸತ್ತಿತೆಂದ ಮಾತ್ರಕ್ಕೆ ಉಳಿದವೂ ಸತ್ತಿವೆ ಎನ್ನಲು ಬರುವುದಿಲ್ಲ, ಬದುಕಿವೆ ಎನ್ನಲೂ ಬರುವುದಿಲ್ಲ ಎಂದು ಹೇಳಿ ಅವರು ಚಕ್ಕಡಿ ಹತ್ತಿದರು.

ಇನ್ನು ಪರವಾನಗಿ ಕೊಟ್ಟ ಕಚೇರಿಯ ಮಾತು. ಕಿಲುಬು ಹಿಡಿದ ತೋಟಾಗಳಿಗೆ ಬದಲಾಗಿ ಬೇರೆ ಕೊಡಿಸಬೇಕು, ಹತ್ತಾರನ್ನಾದರೂ ಹಾರಿಸಿ ಕೈ ಪಳಗಿಸಿಕೊಳ್ಳಲು ಅಪ್ಪಣೆ ಕೊಡಬೇಕು ಎಂದು ಕಾಕಾ ಬೇಡಿದರು. ಬಂದ ಉತ್ತರದ ತಿರುಳು ಇದು: ಆತ್ಮರಕ್ಷಣೆಯ ಪರವಾನಗಿ ವಿನೋದಕ್ಕಾಗಿ ಗುರಿ ಹೊಡೆಯಲು ಅಲ್ಲ. ಬದಲಿ ತೋಟಾ ಬೇಕಾದರೆ ಮೊದಲು ಇರುವುದನ್ನೆಲ್ಲ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ಹೊಸ ಮಂಜೂರಿಯ ವಿಚಾರ ಮಾಡಲಾಗುವುದು. ಆ ವಿಚಾರ ಮುಗಿಯಲು ಎಷ್ಟು ದಿನ ಎಂದು ಕೇಳಿದರೆ ಅದಕ್ಕೆ ಉತ್ತರವಿಲ್ಲ. ಅಲ್ಲಿಯವರೆಗೆ ಆ ಮನುಷ್ಯ ಖಾಲಿ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜಾಂಬೋಟಿಯ ಕಾಡಿನಲ್ಲಿ ಓಡಾಡಬೇಕೆ? ನೀನೇ ನಿನ್ನನ್ನು ಕಾಪಾಡಿಕೋ ಎಂದು ಹೇಳಿದವರೇ, ಕಾಪಾಡಿಕೊಳ್ಳುವ ಸಾಧನ ನಡೆಯುತ್ತದೆಯೇ ಎಂದು ನೋಡುವುದನ್ನು ವಿನೋದ ಎಂದು ಕರೆದರು! ತಪಾಸಣೆಗೆ ಬರುತ್ತಿದ್ದವನು ಪಿಸ್ತೂಲಿನ ಮೈಮೇಲೆ ಕೊರೆದ ಅಂಕಿಯನ್ನು ಓದಿ, ತೋಟಾಗಳನ್ನು ಎಣಿಸಿ, ಚಹಾ ಕುಡಿದು ಹೋಗುತ್ತಿದ್ದ. ಕಿಲುಬನ್ನು ಕಾಕಾ ಬೆರಳಿಟ್ಟು ತೋರಿಸಿದರು. ನೋಡುವುದು ತನ್ನ ಕೆಲಸದಲ್ಲಿ ಸೇರಿಲ್ಲ ಎಂದ.

ಬೇರೆಯವರಾದರೆ ಕೈಚೆಲ್ಲುತ್ತಿದ್ದರು, ಇಲ್ಲವೆ ದೇವರ ಮೇಲೆ ಭಾರ ಹಾಕುತ್ತಿದ್ದರು. ಕಾಕಾ ಎರಡನ್ನೂ ಮಾಡಲಿಲ್ಲ. “ಕೈ ಕೊಡತೈತಿ ಅಂತ ತಿಳಕೊಂಡನ ಮನಿ ಬಿಡಬೇಕು,” ಎನ್ನುತ್ತಿದ್ದರು. ತೋಟಾಗಳನ್ನು ಹುರಿದ ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟು ತೇವದಿಂದ ಕಾಯ್ದರು. ಆ ಪಿಸ್ತೂಲಿನಲ್ಲಿ ಒಂದು ತೋಟಾ ಹಾರದಿದ್ದರೆ ಮತ್ತೆ ಬೆರಳೆಳೆದಾಗ ಮುಂದಿನದು ತಾನೇ ತಿರುಗಿ ಎದುರಿಗೆ ಬರುತ್ತದೆ. ಆ ಸತ್ತ ತೋಟಾವನ್ನು ಸಾಕ್ಷಿಗೆಂದು ತೆಗೆದಿಟ್ಟು, ಬೆದರಿ ಕೈ ನಿಲ್ಲದಂತೆ ಹೀಗೆ ಮತ್ತೆ ಎಳೆಯುವುದನ್ನು ಸಂಜೆ ಸಂಜೆ ಖಾಲಿ ಪಿಸ್ತೂಲಿನಿಂದ ಅಭ್ಯಾಸ ಮಾಡಿದರು. ಹೊಲದಲ್ಲಿ ತಡೆದು ನಿಂತದ್ದು ಸರಿ, ಆದರೆ ಎದುರಿಗೆ ಕೊಡಲಿ ಇದ್ದಾಗ ನಿಲ್ಲಲು ಬರುವುದಿಲ್ಲ ಎನ್ನುತ್ತಿದ್ದರು. ಕಬ್ಬಿಣದ ಕಟ್ಟು ಹಾಕಿದ ಬಿದಿರಿನ ಬಡಿಗೆಯೊಂದು ಯಾವಾಗಲೂ ಎಡಗೈಯಲ್ಲಿ. ಇವೆಲ್ಲ ಯಾರಿಗಾದರೂ ಹೊಳೆದಾವು. ಆದರೆ ಎತ್ತುಗಳಿಗೆ ಕಲಿಸುವ ಉಪಾಯ ಕಾಕಾರಿಗಲ್ಲದೆ ಇನ್ನಾರಿಗೆ ಹೊಳೆಯುತ್ತಿತ್ತು?

ಪಿಸ್ತೂಲು ಢಂ ಎಂದರೆ ಎತ್ತು ಹೇಗೂ ಬೆದರಿ ಓಡುತ್ತವೆ. ಓಡಲೇಬೇಕಾದದ್ದು ಚಟ್ ಎಂದಾಗ. ಆಗ ಸುಮ್ಮನೆ ನಿಂತಿರುತ್ತವೆ. ಆದ್ದರಿಂದ ಚಟ್ ಎಂಬ ಸಪ್ಪಳಕ್ಕೇ ಅವು ಓಡಬೇಕು ಎಂದು ಕಾಕಾ ಹಟ ಹಿಡಿದರು. ಚಕ್ಕಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೂ ಪಾರಿಶ್ವಾಡದ ಬಯಲಿನಲ್ಲಿ ಕಾಕಾ ಚಕ್ಕಡಿಯ ಹಿಂದಿನ ತುದಿಗೆ ಕುಳಿತು ಪಿಸ್ತೂಲನ್ನು ಚಟ್ ಎನಿಸುವುದು, ಅವನು ಕೂಡಲೇ ಬಾರುಕೋಲು ಬೀಸುವುದು; ಓಡಿ ನಿಂತ ಮೇಲೆ ಎರಡಕ್ಕೂ ಬೆಲ್ಲ. ಎತ್ತುಗಳು ಈ ಪಾಠವನ್ನು ಎಷ್ಟು ಚೆನ್ನಾಗಿ ಕಲಿತವೆಂದರೆ ಬಾರುಕೋಲಿನ ಅಗತ್ಯವೇ ಇಲ್ಲವಾಯಿತು. ಒಂದು ದಿನ ಅವನು ಕಾಕಾರ ಮುಂದೆ ಬಂದು ಅಲವತ್ತುಕೊಂಡ. “ಅಣ್ಣಾರ, ನನ್ನ ಎಲಿ ಅಡಕಿ ಬಂದ್ ಆತ್ರೀ. ಅಡಕೊತ್ತಿನ್ಯಾಗ ಅಡಕಿ ಕತ್ತರಿಸಿದ್ರ ಸಾಕು, ಸ್ಟೇಶನ್ ದಾಟಿ ನಿಂದರತಾವ.” ಆಯಿ ಅದನ್ನು ಕೇಳಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಪಿಸ್ತೂಲು ಆ ಮನೆಗೆ ಬಂದ ಮೇಲೆ ಅವರು ಅಷ್ಟು ನಕ್ಕದ್ದು ಅದೊಂದೇ ಸಲ...

ಕಾರ್ತಿಕದ ಒಂದು ಮಧ್ಯಾಹ್ನ. ಬೇಲಿಯ ಜಾಗದ ಪಾಹಣಿ, ಅಂದರೆ ಸ್ಥಳ ನೋಡುವ ಕೆಲಸ, ಮುಗಿಸಿಕೊಂಡು ಕಾಕಾ ಜಾಂಬೋಟಿಯ ಕಡೆಯಿಂದ ಖಾನಾಪುರಕ್ಕೆ ಮರಳುತ್ತಿದ್ದರು. ಚಕ್ಕಡಿಯಲ್ಲಿ ಅವರೊಡನೆ ಒಬ್ಬ ಗೌಳಿಗರ ಮುದುಕನಿದ್ದ. ದಾರಿ ತಮ್ಮದೆಂದು ಹೇಳಬಲ್ಲ ಮುಖ್ಯ ಸಾಕ್ಷಿ ಅವನೇ, ಮರುದಿನ ಕೋರ್ಟಿನಲ್ಲಿ ನಿಲ್ಲಬೇಕಾದವನು. ಗದ್ದೆಗಳು ಮುಗಿದು ಕಾಡು ಶು​ರುವಾಗುವಲ್ಲಿ ದಾರಿಗೆ ಅಡ್ಡವಾಗಿ ಮರದ ಕೊಂಬೆಯೊಂದು ಬಿದ್ದಿತ್ತು. ಕಾಕಾ ಇಳಿದು ಅದನ್ನು ಬದಿಗೆ ಎಳೆದು ಹಾಕಿದರು. ಸೊಂಟ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಪೊದೆಯಿಂದ ಇಬ್ಬರು ಕೊಡಲಿ ಹಿಡಿದು ಹೊರಬಿದ್ದರು. ಮುಂದಿನದನ್ನು ನಾನು ಚಕ್ಕಡಿಯವನ ಬಾಯಿಂದ ಕೇಳಿದ್ದೇನೆ, ಒಮ್ಮೆಯಲ್ಲ, ಅನೇಕ ಸಲ. ಅವನ ಮಾತು ಒಂದು ಸಲವೂ ಬದಲಾಗಿಲ್ಲ. ಪಿಸ್ತೂಲು ಸಂಚಿಯಿಂದ, ಅವನ ಮಾತಿನಲ್ಲೇ ಹೇಳುವುದಾದರೆ, ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. ಕಾಕಾ ನಿಲ್ಲಿರಿ ಎಂದು ಗದರಿಸಿ ಮೊದಲು ಆಕಾಶಕ್ಕೆ ಹಿಡಿದರು. ತಾಯಿಗೆ ಕೊಟ್ಟ ಮಾತು. ಚಟ್ ಎಂದಿತು. ಕೈ ಇಳಿಸಿ ಎದುರಿಗೆ ಹಿಡಿದರು. ಚಟ್. ಮತ್ತೊಮ್ಮೆ, ಚಟ್. ಅಷ್ಟರಲ್ಲಿ ಎತ್ತುಗಳು ಓಡಿದ್ದವು.

ಕಾಕಾ ಕೆಳಗಿದ್ದರು. ನಾನು ಕೆಳಗಿದ್ದರೂ ನಿಲ್ಲಿಸಬೇಡ ಎಂದು ಅವರು ಮೊದಲೇ ಹೇಳಿಟ್ಟಿದ್ದರಂತೆ. ಆದರೂ ಚಕ್ಕಡಿಯವನು ಹಗ್ಗ ಜಗ್ಗಿದ. ಎತ್ತುಗಳು ನಿಲ್ಲಲಿಲ್ಲ. ತಿರುಗಿ ನೋಡಿದಾಗ ಅವನಿಗೆ ಕಂಡದ್ದು, ದಾರಿಯ ನಡುವೆ ಎರಡೂ ಕೈಗಳಲ್ಲಿ ಬಡಿಗೆ ಹಿಡಿದು ನಿಂತ ಕಾಕಾರ ಬೆನ್ನು. ಕೊಡಲಿಯ ಆ ಇಬ್ಬರನ್ನು ಕಾಕಾ ಚಕ್ಕಡಿ ತಿರುವು ದಾಟುವವರೆಗೂ ತಡೆದರು. ಖಾನಾಪುರದಿಂದ ಜನ ಹೋಗುವ ಹೊತ್ತಿಗೆ... ಅದನ್ನು ಬರೆಯಲಾರೆ.

ಮುದುಕ ಬದುಕಿ ಉಳಿದ. ತನಗೆ ಬರುವ ಮರಾಠಿಯಲ್ಲಿ ಸಾಕ್ಷಿ ಹೇಳಿದ. ಗೌಳಿಗರ ದಾರಿ ಗೌಳಿಗರಿಗೆ ಮರಳಿತು. ಕೊಡಲಿ ಹಿಡಿದಿದ್ದ ಇಬ್ಬರಿಗೂ ಶಿಕ್ಷೆಯಾಯಿತು; ಕೊಡಲಿ ಕೊಟ್ಟು ಕಳಿಸಿದವನ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ನ್ಯಾಯದ ಇಷ್ಟು ತುಣುಕು ದೊರೆತದ್ದು ಯಾವ ಕಚೇರಿಯ ಕೃಪೆಯಿಂದಲೂ ಅಲ್ಲ. ಹತಾರು ಕೈಕೊಡುವುದೆಂದು ಮೊದಲೇ ತಿಳಿದು ಒಬ್ಬ ಮನುಷ್ಯ ಮಾಡಿಕೊಂಡ ಸಿದ್ಧತೆಯಿಂದ.

ಪರವಾನಗಿ ಇದ್ದ ಹತಾರು ಯಾಕೆ ಹಾರಲಿಲ್ಲ ಎಂಬ ವಿಚಾರಣೆ ಬೇರೆಯಾಗಿ ನಡೆಯಿತು. ಒಬ್ಬ ಸಾಹೇಬರು ಖಾನಾಪುರಕ್ಕೆ ಬಂದು ಪಡಸಾಲೆಯಲ್ಲಿ ಮೇಜು ಹಾಕಿಸಿ ಕುಳಿತರು. ಕಾಕಾರ ಜೊತೆಯ ವಕೀಲರೊಬ್ಬರ ಬೆನ್ನಿಗೆ ನಾನೂ ಹೋಗಿದ್ದೆ. ಮೇಜಿನ ಮೇಲೆ ಪಿಸ್ತೂಲು, ತೋಟಾಗಳು, ಆಯಿ ಹೊಲಿದ ಸಂಚಿ. ಜಪ್ತಿ ಮಾಡುವಾಗ ಯಾರೋ ಸೊಂಟದ ಪಟ್ಟಿಯಿಂದ ಕಿತ್ತದ್ದರಿಂದ ಸಂಚಿಯ ಹೊರಗಿನ ಹೊಲಿಗೆ ಬಿಟ್ಟಿತ್ತು. ಸಾಹೇಬರು ಅಲ್ಲಿಂದ ಒಂದು ದಾರವನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು, ತಮ್ಮ ತೋರುಬೆರಳಿಗೆ ಸುತ್ತಿಕೊಂಡರು, ನೆರೆದವರಿಗೆ ತೋರಿಸಿದರು, ಮುಗುಳ್ನಕ್ಕರು. ವಿಚಾರಣೆ ಅಲ್ಲಿಗೇ ಮುಗಿದಂತಾಯಿತು.

ನಾನು ಬಗ್ಗಿ ತೋಟಾಗಳನ್ನು ನೋಡಿದೆ. ಅವುಗಳಲ್ಲಿ ಮೂರರ ಕೇಪಿನ ಮೇಲೆ ಕುಳಿ ಬಿದ್ದಿತ್ತು. ಪಾರಿಶ್ವಾಡದ ಹೊಲದಲ್ಲಿ ನನ್ನ ಅಂಗೈ ಮೇಲೆ ಕಂಡಷ್ಟೇ ದುಂಡಗೆ, ಅಷ್ಟೇ ಆಳ. ಕುದುರೆ ಬಿದ್ದಿದೆ, ಕುಳಿ ನೋಡಿರಿ, ದಾರ ಸುತ್ತಿದ್ದರೆ ಈ ಕುಳಿ ಬೀಳುತ್ತಿರಲಿಲ್ಲ ಎಂದು ಹೇಳಿದೆ. ನೀವು ಯಾರು ಎಂದು ಕೇಳಿದರು. ಹೇಳಿದೆ. ವಿದ್ಯಾರ್ಥಿಗಳಿಗೆ ಇಲ್ಲಿ ಮಾತಾಡುವ ಅಧಿಕಾರವಿಲ್ಲ ಎಂದರು. ಚಕ್ಕಡಿಯವನು ಪಿಸ್ತೂಲು ಸಲೀಸಾಗಿ ಹೊರಬಂತೆಂದು, ಸಪ್ಪಳ ಕೇಳಿಸಿತೆಂದು ಹೇಳಿದ. ಚಕ್ಕಡಿ ಹೊಡೆಯುವವನಿಗೆ ಹತಾರಿನ ವಿಷಯ ತಿಳಿಯದೆಂದರು. ಕಿಲುಬಿನ ಬಗ್ಗೆ ಕಾಕಾ ಬರೆದ ಅರ್ಜಿಯ ಮಾತೆತ್ತಿದ ವಕೀಲರಿಗೆ, ಅದು ಬೇರೆ ವಿಭಾಗಕ್ಕೆ ಸೇರಿದ್ದು ಎಂದರು. ಕೊನೆಗೆ ಬರೆದದ್ದು ಇಷ್ಟು: ಧರ್ಮದ ನಿರ್ಬಂಧದಿಂದಾಗಿ ತಾಯಿ ಮನೆಯಲ್ಲಿ ಹೊಲಿದ ಅರಿವೆಯ ಸಂಚಿಯಲ್ಲಿ ಹತಾರನ್ನು ಇಟ್ಟುಕೊಂಡದ್ದರಿಂದ ದಾರ ಸಿಕ್ಕಿಕೊಂಡು ಅದು ನಡೆಯಲಿಲ್ಲ, ತಪ್ಪು ಪರವಾನಗಿದಾರರದು.

ಒಂದೇ ವಾಕ್ಯದಲ್ಲಿ ಅಂಗಡಿಯವನು ಪಾರಾದ, ಕಚೇರಿ ಪಾರಾಯಿತು, ತಪಾಸಣೆಗೆ ಬಂದು ಚಹಾ ಕುಡಿದು ಹೋದವನೂ ಪಾರಾದ. ಸಿಕ್ಕಿಬಿದ್ದವರು ಒಬ್ಬ ಸತ್ತ ಮಗ ಮತ್ತು ಸೂಜಿ ಹಿಡಿದ ಅವನ ತಾಯಿ. ಪತ್ರಿಕೆಗಳು ಆ ವಾಕ್ಯವನ್ನು ಅಚ್ಚು ಹಾಕಿದವು. ಓಣಿಯಲ್ಲಿ, ಬಸದಿಯ ಅಂಗಳದಲ್ಲಿ, ನೆಂಟರ ಮನೆಗಳಲ್ಲಿ ಅದು ಬಾಯಿಂದ ಬಾಯಿಗೆ ನಡೆಯಿತು. ಯಾರೂ ಆಯಿಯ ಮುಖಕ್ಕೆ ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ಅವರು ಸೂಜಿಯ ಡಬ್ಬಿಯನ್ನು ಕಟ್ಟೆಯ ಮೇಲಿನ ಅದೇ ಗೂಡಿನಲ್ಲಿಟ್ಟು ಬಾಗಿಲು ಮುಚ್ಚಿದರು. ಅಂದಿನಿಂದ ಹರಿದ ಸೆರಗನ್ನೂ ಅವರು ಹೊಲಿದುಕೊಂಡಿಲ್ಲ. ಮನೆತುಂಬ ಇರುವ ಮೈದುನನ ಸೊಸೆಯಂದಿರು ಹೊಲಿದುಕೊಡುತ್ತಾರೆ.

ನಾನು ಕಾಯಿದೆಯ ಪದವಿ ಪಡೆದು ಮರಳಿದ ಮೇಲೆ ಮಾಡಿದ ಮೊದಲ ಕೆಲಸ ಆ ಮೂರು ತೋಟಾಗಳನ್ನು ಕೇಳಿದ್ದು. ಈಗ ನಾನು ವಿದ್ಯಾರ್ಥಿಯಲ್ಲವಲ್ಲ. ಅಪಾಯದ ಮಾಲು ಎಂದು ಅವುಗಳನ್ನು ಹೂಳಿಸಲಾಗಿದೆ ಎಂಬ ಉತ್ತರ ಬಂತು. ಎಲ್ಲಿ ಹೂಳಿಸಿದ್ದೀರಿ ಎಂದೆ. ಗೊತ್ತಿಲ್ಲ. ಯಾರ ಅಪ್ಪಣೆಯಿಂದ? ಗೊತ್ತಿಲ್ಲ. ಹಾರಬೇಕಾದಾಗ ಹಾರದ ತೋಟಾಗಳು, ಹಾರಲಿಲ್ಲವೇಕೆ ಎಂದು ಕೇಳಿದಾಗ ಅಪಾಯದ ಮಾಲಾದವು!

ಸಿಂಪಿಗನ ಅಂಗಡಿಯಿಂದ ಆ ದಿನ ನಾನು ನೆಟ್ಟಗೆ ಬಾಜೂ ಮನೆಗೆ ಹೋದೆ. ಆಯಿ ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದರು. ತಪ್ಪು ನಿನ್ನದಲ್ಲವೆಂದು ನಾನು ಈ ವರ್ಷಗಳಲ್ಲಿ ಹಲವು ಸಲ ಹೇಳಿದ್ದೇನೆ. ಸಮಾಧಾನಕ್ಕೆ ಹೇಳುತ್ತೀಯೆಂದು ತಳ್ಳಿಹಾಕಿದ್ದಾರೆ. ಮನೆಯವರು ಕಾಕಾರ ಕಾಯಿದೆಯ ಪುಸ್ತಕಗಳನ್ನು ನನಗೆ ಕೊಟ್ಟಾಗ ಅದೇ ಪೆಟ್ಟಿಗೆಯಲ್ಲಿ ಎಣ್ಣೆಯ ಕುಪ್ಪಿಯೂ ಪಾರಿಶ್ವಾಡದ ಆ ಸತ್ತ ತೋಟಾವೂ ಬಂದಿದ್ದವು. ಆ ತೋಟಾವನ್ನು ನಮ್ಮ ಮನೆಯಿಂದ ತಂದು ಆಯಿಯ ಕೈಗೆ ಕೊಟ್ಟು ಕುಳಿಯ ಮೇಲೆ ಬೆರಳಿಡಿಸಿದೆ. ಆಯಿಯ ಕಣ್ಣಿಗೆ ಈಗ ಪೊರೆ ಬಂದಿದೆ. ಬೆರಳಿಂದಲೇ ಬಹಳ ಹೊತ್ತು ನೋಡಿದರು.

“ಇದು ಅವತ್ತಿಂದಲ್ಲ,” ಎಂದರು. “ಅವತ್ತಿನ್ವು ತಗೊಂಡ ಬಾ.”

ಯಾವ ನ್ಯಾಯಾಧೀಶನೂ ಇದಕ್ಕಿಂತ ಸರಿಯಾದ ಆಕ್ಷೇಪ ಎತ್ತಲಾರ. ತರಲು ನನ್ನಲ್ಲಿ ಏನೂ ಇರಲಿಲ್ಲ. ಒಳಗೆ ಯಾರೋ ಅಡಕೊತ್ತಿನಲ್ಲಿ ಅಡಕೆ ಕತ್ತರಿಸಿದರು. ಆ ಸಪ್ಪಳ ಕಿವಿಗೆ ಬಿದ್ದದ್ದೇ, ಇಷ್ಟು ವರ್ಷ ನಾನು ಆಡದೆ ಬಿಟ್ಟ ಮಾತು ತಾನಾಗಿ ಬಾಯಿಗೆ ಬಂತು.

“ಆಯಿ, ಅವತ್ತು ಎತ್ತು ಯಾಕ ಓಡಿದ್ವು?”

“ಅಂವಾ ಕಲಿಸಿದ್ನಲ್ಲ. ಚಟ್ ಅಂದ್ರ ಓಡ್ರಿ ಅಂತ.”

“ಹಂಗಾದ್ರ ಚಟ್ ಅಂದಿತ್ತಲ್ಲ? ನಿನ್ನ ದಾರ ಕುದುರಿಗೆ ಸುತಗೊಂಡಿದ್ರ ಎತ್ತಿಗೆ ಕೇಳೂವಂಗ ಚಟ್ ಅಂತಿತ್ತೇನು?”

ಆಯಿಯ ಕೈ ಅಕ್ಕಿಯ ಮೊರದ ಮೇಲೆ ನಿಂತಿತು. ಅವರು ಅಳಲಿಲ್ಲ. ತಮಗೆ ತಾವೇ ಎಂಬಂತೆ, ಸಂಚಿ ಪಿಸ್ತೂಲನ್ನು ಸರಿಯಾಗಿಯೇ ಬಿಟ್ಟುಕೊಟ್ಟಿತ್ತು ಹಾಗಾದರೆ ಎಂದರು. ಆ ಎತ್ತುಗಳು ಇನ್ನೂ ಇವೆಯೇ ಎಂದು ಕೇಳಿದರು. ಒಂದು ರೋಗಕ್ಕೆ ಹೋಯಿತು, ಇನ್ನೊಂದು ನೊಗಕ್ಕೆ ಆಗದಿದ್ದರೂ ಅವನು ಮಾರದೆ ಸಾಕಿಕೊಂಡಿದ್ದಾನೆ ಎಂದೆ. ಎದ್ದು ಒಳಗೆ ಹೋಗಿ, ಗೋಡೆ ಹಿಡಿದುಕೊಂಡು ಬಂದು, ಒಂದು ಬೆಲ್ಲದ ಹೆಂಟೆಯನ್ನು ನನ್ನ ಕೈಯಲ್ಲಿಟ್ಟರು, ಪಾರಿಶ್ವಾಡಕ್ಕೆ ಹೋದಾಗ ಅದಕ್ಕೆ ತಿನ್ನಿಸು ಎಂದು. ಆಮೇಲೆ ಹೇಳಿದರು:

“ದನಕ್ಕ ತಿಳದದ್ದು ಆ ಸಾಹೇಬಗ ತಿಳೀಲಿಲ್ಲೇನು?”

ಈ ಪ್ರಶ್ನೆಯನ್ನು ಹಾಗೆಯೇ ಆ ಕಚೇರಿಗೆ ದಾಟಿಸಲೆಂದೇ ನಾನು ಇದನ್ನು ಬರೆಯುತ್ತಿದ್ದೇನೆ. ಇನ್ನೊಂದು ಮಾತನ್ನೂ ಬಹಿರಂಗವಾಗಿ ಹೇಳುತ್ತೇನೆ. ಅದೇ ಅಂಗಡಿಯ, ಅದೇ ಪೆಟ್ಟಿಗೆಯ ಒಂದು ತೋಟಾ ನನ್ನಲ್ಲಿದೆ. ಅದನ್ನು ಇಟ್ಟುಕೊಳ್ಳಲು ನನಗೆ ಪರವಾನಗಿ ಇಲ್ಲ. ಇದು ಅಪರಾಧವೆಂದು ನನಗೆ ಗೊತ್ತು. ಬನ್ನಿ, ಹಿಡಿಯಿರಿ, ಕಟಕಟೆಯಲ್ಲಿ ನಿಲ್ಲಿಸಿರಿ. ಆಗ ಈ ತೋಟಾ ನ್ಯಾಯಾಲಯದ ಮೇಜಿನ ಮೇಲೆ ಬರಲೇಬೇಕು, ಸಂಚಿಯ ಸೋಂಕೇ ಇಲ್ಲದೆ ಬಿದ್ದ ಅದರ ಕುಳಿಯನ್ನು ಯಾರಾದರೂ ಬರೆದುಕೊಳ್ಳಲೇಬೇಕು. ಆ ಮೂರನ್ನು ಎಲ್ಲಿ ಹೂಳಿದ್ದೀರೋ ಅಲ್ಲಿಂದ ಅಗೆಸಿ ತಂದು ಇದರ ಪಕ್ಕದಲ್ಲಿಡಿರಿ. ನಾಲ್ಕು ಕುಳಿಗಳೂ ಒಂದೇ ಆಳವಾಗಿದ್ದರೆ ನೀವು ಬರೆದ ಆ ವಾಕ್ಯವನ್ನು ಹೊಡೆದುಹಾಕಿ, ಪತ್ರಿಕೆಗಳಿಗೂ ತಿಳಿಸಿರಿ. ಒಬ್ಬ ಮುದುಕಿಯ ಕಣ್ಣಿನ ಬೆಳಕು ಪೂರ್ತಿ ಹೋಗುವ ಮೊದಲು ಇದಾಗಬೇಕು. ತಾವಾಗಿ ಓದಲು ಅವರಿಗೆ ಅಕ್ಷರ ಬರುವುದಿಲ್ಲ, ಆದರೆ ಅಚ್ಚಾದದ್ದನ್ನು ಮುಟ್ಟಿ ನೋಡುತ್ತಾರೆ.

ಕೋಟು ಹೊಲಿದಾಗಿದೆಯೆಂದು ಸಿಂಪಿಗ ನಿನ್ನೆ ಹೇಳಿ ಕಳಿಸಿದ. ಹೋಗಿ ತೆಗೆದುಕೊಂಡು ಬಂದೆ. ಅದರ ಮೈಗೆ ಆ ಎಣ್ಣೆಯ ವಾಸನೆ ಇನ್ನೂ ಅಂಟಿಕೊಂಡಿದೆ. ಹಾಕಿಕೊಂಡು ಬಾಜೂ ಮನೆಯ ಮುಂದೆ ಹಾದುಹೋದೆ. ಆಯಿ ಇದ್ದರು, ಸೂಜಿಯ ಡಬ್ಬಿ ಗೂಡಿನಲ್ಲೇ ಇತ್ತು. ಕಟ್ಟೆಯ ಮೇಲಿಂದ ತಲೆಯೆತ್ತಿ, ಯಾರ ಮೇಲೆ ದಾವೆ ಹಾಕಬೇಕೆಂದು ತಿಳಿಯಿತೇ ತಮ್ಮಾ ಎಂದು ಕೇಳಬೇಕಾದವರು ಇರಲಿಲ್ಲ.

ತಿಳಿದಿದೆ, ಕಾಕಾ. ಹೇಳೋಣವೆಂದರೆ ನೀವಿಲ್ಲ...